ಕೈ ಎಲ್ಲಿದೆ? ವಿ.ಆರ್. ತರಬೇತಿ ಯಂತ್ರ ತಪ್ಪು ಹೇಳಿದಾಗ ದೋಷ ಹುಡುಕುವ ಬಗೆ

ವೆಲ್ಡಿಂಗ್ ಕಲಿಯುತ್ತಿರುವ ಒಬ್ಬಳು ಹುಡುಗಿಯನ್ನು ಮನಸ್ಸಿಗೆ ತಂದುಕೊಳ್ಳಿ. ಅವಳ ಎದುರು ಕಬ್ಬಿಣವೂ ಇಲ್ಲ, ಕಿಡಿಯೂ ಇಲ್ಲ. ತಲೆಗೆ ವರ್ಚುವಲ್ ರಿಯಾಲಿಟಿ, ಅಂದರೆ ವಿ.ಆರ್. ಹೆಡ್‌ಸೆಟ್ ಕಟ್ಟಿಕೊಂಡಿದ್ದಾಳೆ. ಕೈಯಲ್ಲಿ ವೆಲ್ಡಿಂಗ್ ಟಾರ್ಚಿನ ಹಾಗೆಯೇ ಇರುವ ಒಂದು ಹಿಡಿ. ಲೋಹ ಕರಗುವುದು, ಬೆಳಕು ಚಿಮ್ಮುವುದು ಎಲ್ಲ ಕಣ್ಣೆದುರಿನ ಪರದೆಯಲ್ಲಿ ಮಾತ್ರ. ಟಾರ್ಚನ್ನು ನೆಟ್ಟಗೆ ಹಿಡಿಯದೆ 10ರಿಂದ 15 ಡಿಗ್ರಿಯಷ್ಟು ವಾಲಿಸಿ, ಒಂದೇ ವೇಗದಲ್ಲಿ ಎಳೆಯುತ್ತಾ ಹೋಗಬೇಕು. ಕೋನ ಸರಿ ಇದ್ದರೆ ಹಸಿರು ಗುರುತು ಬರುತ್ತದೆ, ತಪ್ಪಿದರೆ ಕೆಂಪು.

ಈಗ ಯಂತ್ರವೇ ಕೋನವನ್ನು 5 ಡಿಗ್ರಿ ತಪ್ಪಾಗಿ ಅಳೆಯುತ್ತಿದೆ ಅಂತ ಇಟ್ಟುಕೊಳ್ಳಿ. ಹುಡುಗಿ ಏನು ಮಾಡುತ್ತಾಳೆ? ಹಸಿರು ಬರುವ ತನಕ ಕೈಯನ್ನು ತಿದ್ದಿಕೊಳ್ಳುತ್ತಾಳೆ. ನೂರು ಸಲ ಅಭ್ಯಾಸ ಮಾಡುತ್ತಾಳೆ, ನೂರು ಸಲವೂ ತಪ್ಪು ಕೋನವನ್ನೇ ಅಭ್ಯಾಸ ಮಾಡುತ್ತಾಳೆ. ಆಟದಲ್ಲಾದರೆ ಒಂದು ಗುರಿ ತಪ್ಪಿತು, ಅಷ್ಟೇ. ತರಬೇತಿಯಲ್ಲಿ ತಪ್ಪು ಕೈಯೊಳಗೆ ಇಳಿದುಬಿಡುತ್ತದೆ. ಆಮೇಲೆ ನಿಜವಾದ ಕಬ್ಬಿಣದ ಮುಂದೆ ನಿಂತಾಗ ಅದನ್ನು ಬಿಡಿಸುವುದು ಸುಲಭವಲ್ಲ.

ಇಂಥ ಯಂತ್ರದಿಂದ ಕಲಿತದ್ದು ನಿಜವಾಗಿ ಕೈಗೆ ಹತ್ತುತ್ತದೆಯೇ ಅಂತ ನೀವು ಕೇಳಬಹುದು. ಹತ್ತುತ್ತದೆ. 2002ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 16 ಮಂದಿ ಕಿರಿಯ ಶಸ್ತ್ರವೈದ್ಯರ ಮೇಲೆ ಒಂದು ಅಧ್ಯಯನ ನಡೆಯಿತು. ವಿ.ಆರ್. ಯಂತ್ರದಲ್ಲಿ ಮೊದಲೇ ಅಭ್ಯಾಸ ಮಾಡಿದವರು ಪಿತ್ತಕೋಶವನ್ನು ಬಿಡಿಸುವ ಕೆಲಸವನ್ನು ಉಳಿದವರಿಗಿಂತ ಶೇ. 29ರಷ್ಟು ಬೇಗ ಮುಗಿಸಿದರು, ತಪ್ಪುಗಳೂ ಕಡಿಮೆಯಾದವು. ಸರಿಯಾದ ಅಭ್ಯಾಸ ಹೀಗೆ ಕೈಗೆ ಹತ್ತುವುದಾದರೆ, ತಪ್ಪು ಅಭ್ಯಾಸವೂ ಹಾಗೆಯೇ ಹತ್ತುತ್ತದೆ. ಹಾಗಾಗಿ ನಾವು ಕೇಳಬೇಕಾದದ್ದು ಇದು: ಯಂತ್ರ ಹೇಳುವ 'ಕೈ ಇಲ್ಲಿದೆ' ಎಂಬ ಮಾತನ್ನು ಎಷ್ಟು ನಂಬಬಹುದು? ನಂಬಲಾಗದಿದ್ದರೆ ದೋಷ ಎಲ್ಲಿದೆ ಅಂತ ಹುಡುಕುವುದು ಹೇಗೆ?

ಕಣ್ಣು ಮುಚ್ಚಿ ನಡೆಯುವ ಯಂತ್ರ

ಮೊದಲು ಶಾಲೆಯ ಅಂಗಳಕ್ಕೆ ಹೋಗಿ ಒಂದು ಪರೀಕ್ಷೆ ಮಾಡಿ. ನೆಲದಲ್ಲಿ ಸೀಮೆಸುಣ್ಣದಿಂದ ಒಂದು ಗುರುತು ಹಾಕಿ ಅದರ ಮೇಲೆ ನಿಲ್ಲಿ. ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳಿ. ಹತ್ತು ಹೆಜ್ಜೆ ಮುಂದೆ, ಬಲಕ್ಕೆ ತಿರುಗಿ ಮತ್ತೆ ಹತ್ತು ಹೆಜ್ಜೆ. ಹೀಗೆ ನಾಲ್ಕು ಸಲ ಮಾಡಿದರೆ ಚೌಕ ಮುಗಿದು ಹೊರಟಲ್ಲಿಗೇ ಬರಬೇಕು. ಎಡವದ ಹಾಗೆ ಒಬ್ಬ ಗೆಳೆಯ ಪಕ್ಕದಲ್ಲಿರಲಿ, ಆದರೆ ದಾರಿ ಹೇಳಬಾರದು. ಕಣ್ಣು ಬಿಟ್ಟು ನೋಡಿ. ಗುರುತಿನ ಮೇಲೆಯೇ ನಿಂತವರು ನಿಮ್ಮ ತರಗತಿಯಲ್ಲಿ ಎಷ್ಟು ಮಂದಿ?

ಪ್ರತಿ ತಿರುವಿನಲ್ಲೂ ಆಗುವ ಸಣ್ಣ ತಪ್ಪು ಮುಂದಿನ ಹೆಜ್ಜೆಗಳಿಗೆಲ್ಲ ಸೇರಿಕೊಳ್ಳುತ್ತದೆ. ಹೆಡ್‌ಸೆಟ್ಟಿನ ಒಳಗೆ ಇಂಥದೇ ಕುರುಡು ಲೆಕ್ಕ ಮಾಡುವ ಒಂದು ಪುಟ್ಟ ಚಿಪ್ ಇದೆ. ಅದರಲ್ಲಿ ಎರಡು ಮುಖ್ಯ ಭಾಗಗಳು. ಅಕ್ಸೆಲೆರೋಮೀಟರ್ ವೇಗೋತ್ಕರ್ಷವನ್ನು ಅಳೆಯುತ್ತದೆ, ಗೈರೊಸ್ಕೋಪ್ ಎಷ್ಟು ಬೇಗ ತಿರುಗುತ್ತಿದ್ದೀರಿ ಅಂತ ಅಳೆಯುತ್ತದೆ. ನಿಮ್ಮ ಮನೆಯ ಫೋನಿನಲ್ಲೂ ಸಾಮಾನ್ಯವಾಗಿ ಇವೆರಡೂ ಇರುತ್ತವೆ. ಫೋನನ್ನು ಅಡ್ಡ ಹಿಡಿದರೆ ಚಿತ್ರ ಅಡ್ಡ ಆಗುತ್ತದಲ್ಲ, ಅದು ಅಕ್ಸೆಲೆರೋಮೀಟರಿನ ಕೆಲಸ.

ಈ ಚಿಪ್ ಬಹಳ ಚುರುಕು. ಒಂದು ಸೆಕೆಂಡಿಗೆ ನೂರಾರು ಸಲ ಅಳೆಯಬಲ್ಲದು. ಆದರೆ ಅದು ಸ್ಥಾನವನ್ನು ಅಳೆಯುವುದಿಲ್ಲ, ವೇಗೋತ್ಕರ್ಷದಿಂದ ಲೆಕ್ಕ ಹಾಕಿ ತೆಗೆಯಬೇಕು. ಒಂಬತ್ತನೆಯ ತರಗತಿಯ ಸೂತ್ರ ನೆನಪಿದೆಯೇ? ನಿಂತಲ್ಲಿಂದ ಹೊರಟ ವಸ್ತುವಿನ ಸ್ಥಾನಾಂತರ = ½ × ವೇಗೋತ್ಕರ್ಷ × ಕಾಲದ ವರ್ಗ. ಮೇಜಿನ ಮೇಲೆ ಸುಮ್ಮನೆ ಇಟ್ಟ ಸೆನ್ಸರ್ ಸೊನ್ನೆಯ ಬದಲು 0.01 ಮೀ/ಸೆ² ಅಂತ ತೋರಿಸಿದರೆ ಏನಾಗುತ್ತದೆ, ಲೆಕ್ಕ ಹಾಕೋಣ. 1 ಸೆಕೆಂಡಿನಲ್ಲಿ ತಪ್ಪು 0.005 ಮೀಟರ್, ಅಂದರೆ 5 ಮಿ.ಮೀ. ಪರವಾಗಿಲ್ಲ ಅನ್ನಿಸಬಹುದು. 10 ಸೆಕೆಂಡಿನಲ್ಲಿ ಅರ್ಧ ಮೀಟರ್. 1 ನಿಮಿಷದಲ್ಲಿ 18 ಮೀಟರ್! ಮೇಜಿನ ಮೇಲೆ ಕುಳಿತ ಹೆಡ್‌ಸೆಟ್ ಲೆಕ್ಕದಲ್ಲಿ ತರಗತಿಯಿಂದ ಹೊರಗೆ ಹೋಗಿ ಅಂಗಳವನ್ನೂ ದಾಟಿತು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಸುಮ್ಮನಿದ್ದಾಗಲೂ ಅಕ್ಸೆಲೆರೋಮೀಟರಿಗೆ ಭೂಮಿಯ ಗುರುತ್ವದಿಂದಾಗಿ 9.8 ಮೀ/ಸೆ² ಕಾಣುತ್ತದೆ. ಯಂತ್ರ 'ಕೆಳಗೆ' ಅಂದರೆ ಯಾವ ಕಡೆ ಅಂತ ತಿಳಿದು ಅದನ್ನು ಕಳೆಯಬೇಕು. ಆ ದಿಕ್ಕಿನಲ್ಲಿ ಬರೀ 1 ಡಿಗ್ರಿ ತಪ್ಪಾದರೆ, ಗುರುತ್ವದ ಒಂದು ಪಾಲು, ಸುಮಾರು 0.17 ಮೀ/ಸೆ², ಅಡ್ಡಚಲನೆಯ ಹಾಗೆ ಕಾಣುತ್ತದೆ. ಒಂದೇ ಸೆಕೆಂಡಿನಲ್ಲಿ ಎಂಟೂವರೆ ಸೆಂ.ಮೀ. ತಪ್ಪು.

ಫೋನ್ ಸಿಕ್ಕಿದರೆ ಇದನ್ನು ಕಣ್ಣಾರೆ ನೋಡಬಹುದು. ಜರ್ಮನಿಯ ಆಹೆನ್ ನಗರದ ವಿಶ್ವವಿದ್ಯಾಲಯದವರು ಮಾಡಿದ 'ಫೈಫಾಕ್ಸ್' ಎಂಬ ಉಚಿತ ಆ್ಯಪ್ ಇದೆ, ಫೋನಿನ ಸೆನ್ಸರುಗಳು ಏನು ಅಳೆಯುತ್ತಿವೆ ಅಂತ ನೇರವಾಗಿ ತೋರಿಸುತ್ತದೆ. ಫೋನನ್ನು ಗಟ್ಟಿ ಮೇಜಿನ ಮೇಲಿಟ್ಟು, ಗುರುತ್ವ ಕಳೆದ ವೇಗೋತ್ಕರ್ಷದ ಪುಟ ತೆರೆಯಿರಿ. ಗೆರೆ ಸೊನ್ನೆಯಲ್ಲಿ ಸುಮ್ಮನೆ ಕೂರುವುದಿಲ್ಲ, ನಡುಗುತ್ತಲೇ ಇರುತ್ತದೆ. ಆ ನಡುಕವನ್ನೇ ನೀವು ಎರಡು ಸಲ ಕೂಡುತ್ತಾ ಹೋದರೆ ಸ್ಥಾನ ಸಿಗಬೇಕು. ಎಂಥ ಸ್ಥಾನ ಸಿಕ್ಕೀತು, ನೀವೇ ಹೇಳಿ!

ಹಾಗಾದರೆ ಕುರುಡು ಲೆಕ್ಕವನ್ನು ಆಗಾಗ ತಿದ್ದಲು ಹೊರಗಿನ ಒಂದು ಸಾಕ್ಷಿ ಬೇಕು. ಅಂಗಳದ ಪರೀಕ್ಷೆಯಲ್ಲಿ ಮಧ್ಯೆ ಮಧ್ಯೆ ಒಂದು ಕ್ಷಣ ಕಣ್ಣು ಬಿಟ್ಟು ತೆಂಗಿನಮರವನ್ನೋ ಧ್ವಜಕಂಬವನ್ನೋ ನೋಡಿಕೊಂಡ ಹಾಗೆ.

ಹೊರಗಿನ ಸಾಕ್ಷಿ

1968ರಲ್ಲಿ ಇವಾನ್ ಸದರ್‌ಲ್ಯಾಂಡ್ ಎಂಬ ಅಮೆರಿಕದ ವಿಜ್ಞಾನಿ ತಲೆಗೆ ಕಟ್ಟುವ ಪರದೆಯನ್ನು ತೋರಿಸಿದಾಗ, ಸಾಕ್ಷಿಯಾಗಿ ಒಂದು ಲೋಹದ ತೋಳು ಇತ್ತು. ಛಾವಣಿಯಿಂದ ಇಳಿದು ಬಂದ ಆ ತೋಳಿನ ಕೀಲುಗಳು ಎಷ್ಟು ತಿರುಗಿದವು ಅಂತ ಅಳೆದು ತಲೆಯ ಜಾಗ ಹೇಳುತ್ತಿದ್ದರು. ತೋಳು ಮುಟ್ಟುವಷ್ಟು ದೂರ ಮಾತ್ರ ನಡೆಯಬಹುದಿತ್ತು.

ಇವತ್ತು ಸಾಮಾನ್ಯವಾಗಿ ಕಾಣುವುದು ಎರಡು ಬಗೆ. ಮೊದಲನೆಯದು 2016ರಲ್ಲಿ ಎಚ್‌ಟಿಸಿ ವೈವ್ ಹೆಡ್‌ಸೆಟ್ಟಿನ ಜೊತೆ ಬಂದದ್ದು. ಅದಕ್ಕೆ 'ಲೈಟ್‌ಹೌಸ್', ಅಂದರೆ ದೀಪಸ್ತಂಭ ಅಂತಲೇ ಹೆಸರು. ನಮ್ಮ ಕರಾವಳಿಯ ಮಕ್ಕಳಿಗೆ ಹೆಸರಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಕೋಣೆಯ ಎರಡು ಎದುರು ಮೂಲೆಗಳಲ್ಲಿ, ತಲೆಗಿಂತ ಎತ್ತರದಲ್ಲಿ, ಎರಡು ಪೆಟ್ಟಿಗೆಗಳನ್ನು ಗೋಡೆಗೆ ಬಿಗಿಯುತ್ತಾರೆ. ಪ್ರತಿ ಪೆಟ್ಟಿಗೆಯೂ ಮೊದಲು ಕೋಣೆಗಿಡೀ ಒಂದು ಅವಕೆಂಪು ಮಿಂಚು ಹೊಡೆಯುತ್ತದೆ. ಆಮೇಲೆ ಒಳಗೆ ತಿರುಗುವ ಭಾಗದಿಂದ ತೆಳ್ಳಗಿನ ಲೇಸರ್ ಪಟ್ಟಿಯೊಂದು ಕೋಣೆಯನ್ನು ಗುಡಿಸಿಕೊಂಡು ಹೋಗುತ್ತದೆ, ಒಮ್ಮೆ ಅಡ್ಡಕ್ಕೆ, ಒಮ್ಮೆ ಮೇಲಿನಿಂದ ಕೆಳಕ್ಕೆ. ಹೆಡ್‌ಸೆಟ್ಟಿನ ಮೈಮೇಲಿನ 32 ಸೆನ್ಸರುಗಳು ಮಿಂಚು ಬಂದ ಕೂಡಲೇ ಎಣಿಸಲು ಶುರುಮಾಡುತ್ತವೆ, ಲೇಸರ್ ತಾಗಿದ ಕೂಡಲೇ ನಿಲ್ಲಿಸುತ್ತವೆ. ನಡುವಿನ ಸಮಯ ಗೊತ್ತಾದರೆ ಕೋನ ಗೊತ್ತಾಯಿತು. ಹಲವು ಸೆನ್ಸರುಗಳ ಕೋನ ಗೊತ್ತಾದರೆ ಜ್ಯಾಮಿತಿಯಿಂದ ಸ್ಥಾನ.

ಎಷ್ಟು ಸೂಕ್ಷ್ಮವಾಗಿ ಎಣಿಸಬೇಕು ನೋಡಿ. ತಿರುಗುವ ಭಾಗ ಸೆಕೆಂಡಿಗೆ 60 ಸುತ್ತು ಹಾಕುತ್ತದೆ. 3 ಮೀಟರ್ ದೂರದಲ್ಲಿ ಆ ವೃತ್ತದ ಪರಿಧಿ 2 × 3.14 × 3, ಅಂದರೆ 18.84 ಮೀಟರ್. ಸೆಕೆಂಡಿಗೆ 60 ಸುತ್ತು ಎಂದರೆ 1,130 ಮೀಟರ್. ಶಬ್ದದ ವೇಗದ ಮೂರು ಪಟ್ಟಿಗೂ ಹೆಚ್ಚು! ಆ ವೇಗದಲ್ಲಿ ಲೇಸರ್ 1 ಮಿ.ಮೀ. ದಾಟಲು ಒಂದು ಮೈಕ್ರೊಸೆಕೆಂಡಿಗಿಂತಲೂ ಕಡಿಮೆ ಸಮಯ ಸಾಕು. ಮಿಲಿಮೀಟರಿನ ಜಗಳ ಇಲ್ಲಿ ಮೈಕ್ರೊಸೆಕೆಂಡಿನ ಜಗಳವಾಗಿಬಿಟ್ಟಿದೆ. ನನಗಂತೂ ಈ ಉಪಾಯ ಬಹಳ ಇಷ್ಟ. ದೂರ ಅಳೆಯಲು ಟೇಪು ಹಿಡಿಯದೆ ಗಡಿಯಾರ ಹಿಡಿದರು.

ಎರಡನೆಯ ಬಗೆಯಲ್ಲಿ ಗೋಡೆಗೆ ಏನನ್ನೂ ಕಟ್ಟುವುದಿಲ್ಲ. 2019ರ ಆಕ್ಯುಲಸ್ ಕ್ವೆಸ್ಟ್ ಹೆಡ್‌ಸೆಟ್ಟಿನ ಮೈಮೇಲೆಯೇ ನಾಲ್ಕು ಕ್ಯಾಮೆರಾಗಳಿವೆ. ಅವು ಕೋಣೆಯಲ್ಲಿನ ಮೂಲೆ, ಕಿಟಕಿಯ ಅಂಚು, ಗೋಡೆಗೆ ಅಂಟಿಸಿದ ಭೂಪಟ, ಇಂಥ ಎದ್ದು ಕಾಣುವ ಬಿಂದುಗಳನ್ನು ಗುರುತು ಹಿಡಿದು, ಅವು ಚಿತ್ರದಲ್ಲಿ ಎತ್ತ ಸರಿದವು ಅಂತ ನೋಡಿ, ತಾನು ಎತ್ತ ಸರಿದೆ ಅಂತ ತಿಳಿಯುತ್ತವೆ. ಕೈಯ ಕಂಟ್ರೋಲರಿನಲ್ಲಿ ಅವಕೆಂಪು ದೀಪಗಳ ಸಾಲಿದೆ, ಅದನ್ನೂ ಆ ಕ್ಯಾಮೆರಾಗಳೇ ನೋಡುತ್ತವೆ. ಅವಕೆಂಪು ನಮ್ಮ ಕಣ್ಣಿಗೆ ಕಾಣದು. ಟಿ.ವಿ. ರಿಮೋಟಿನ ತುದಿಯನ್ನು ಫೋನಿನ ಮುಂಬದಿಯ ಕ್ಯಾಮೆರಾಕ್ಕೆ ಹಿಡಿದು ಗುಂಡಿ ಒತ್ತಿ ನೋಡಿ. ಹಲವು ಫೋನುಗಳಲ್ಲಿ ನೇರಳೆ ಬಣ್ಣದ ಮಿಣುಕು ಕಾಣುತ್ತದೆ.

ಮೂರನೆಯದೂ ಒಂದುಂಟು, ಕಾಂತಕ್ಷೇತ್ರದಿಂದ ಅಳೆಯುವುದು. ಕೆಲವು ವೆಲ್ಡಿಂಗ್ ತರಬೇತಿ ಯಂತ್ರಗಳಲ್ಲಿ ಇದನ್ನು ಬಳಸುತ್ತಾರೆ. ಕೈ ಅಡ್ಡ ಬಂದರೂ ಅದಕ್ಕೆ ತೊಂದರೆಯಿಲ್ಲ, ಕಬ್ಬಿಣ ಹತ್ತಿರ ಬಂದರೆ ತೊಂದರೆ. ಫೈಫಾಕ್ಸಿನಲ್ಲಿ ಕಾಂತಕ್ಷೇತ್ರದ ಪುಟ ತೆರೆಯಿರಿ. ನಮ್ಮ ಊರುಗಳಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೊಟೆಸ್ಲಾ. ಫೋನನ್ನು ಮೆಲ್ಲಗೆ ಸ್ಟೀಲ್ ಕಪಾಟಿನ ಹತ್ತಿರ ತನ್ನಿ. ಸಂಖ್ಯೆ ಬದಲಾಗುವುದನ್ನು ನೋಡಿದರೆ ಮುಂದೆ ಹೇಳುವುದು ಬೇಗ ಅರ್ಥವಾಗುತ್ತದೆ.

ಮೊದಲು ರೋಗ ಯಾವುದು ಅಂತ ನೋಡಿ

ಯಂತ್ರ ಕೈಕೊಟ್ಟಾಗ ನಾವೆಲ್ಲ ಮಾಡುವ ಕೆಲಸ ಏನು? ಆಫ್ ಮಾಡಿ ಆನ್ ಮಾಡುವುದು. ಸರಿಹೋಗದಿದ್ದರೆ ತಂತಿ ಎಳೆದು ಚುಚ್ಚುವುದು, ಸೆಟ್ಟಿಂಗ್ ಬದಲಿಸುವುದು, ಎಲ್ಲ ಒಟ್ಟಿಗೆ. ಆಮೇಲೆ ಸರಿಯಾದರೂ ಯಾವುದರಿಂದ ಸರಿಯಾಯಿತು ಅಂತ ಗೊತ್ತಿರುವುದಿಲ್ಲ, ನಾಳೆ ಮತ್ತೆ ಅದೇ ಕಥೆ. ಡಾಕ್ಟರು ಜ್ವರ ಅಂದ ಕೂಡಲೇ ಔಷಧ ಕೊಡುತ್ತಾರಾ? ಯಾವಾಗಿನಿಂದ, ಚಳಿ ಇದೆಯಾ, ರಾತ್ರಿ ಹೆಚ್ಚೋ ಹಗಲು ಹೆಚ್ಚೋ ಅಂತ ಕೇಳುತ್ತಾರೆ. ಇಲ್ಲೂ ಹಾಗೆಯೇ. 'ಟ್ರ್ಯಾಕಿಂಗ್ ಸರಿಯಿಲ್ಲ' ಅನ್ನುವುದು ರೋಗದ ಹೆಸರಲ್ಲ. ನಡುಗುತ್ತಿದೆಯೋ, ಮೆಲ್ಲಗೆ ಜಾರುತ್ತಿದೆಯೋ, ಹಾರುತ್ತಿದೆಯೋ, ತಡವಾಗಿ ಬರುತ್ತಿದೆಯೋ, ಅಥವಾ ಗಟ್ಟಿಯಾಗಿ ನಿಂತೇ ತಪ್ಪು ಜಾಗ ತೋರಿಸುತ್ತಿದೆಯೋ? ಈ ಐದು ಬೇರೆ ಬೇರೆ ರೋಗಗಳು, ಕಾರಣಗಳೂ ಬೇರೆ.

ಪತ್ತೆ ಮಾಡಲು ಅತಿ ಸುಲಭದ ಪರೀಕ್ಷೆ: ಕಂಟ್ರೋಲರನ್ನು ಗಟ್ಟಿ ಮೇಜಿನ ಮೇಲೆ ಇಟ್ಟು ಕೈ ತೆಗೆಯಿರಿ. ಕೈ ನಡುಗುವುದು ಬೇರೆ, ಯಂತ್ರ ನಡುಗುವುದು ಬೇರೆ, ಆದ್ದರಿಂದ ಕೈಯನ್ನು ಮೊದಲು ಲೆಕ್ಕದಿಂದ ಹೊರಗೆ ಹಾಕಬೇಕು. ಈಗ ಪರದೆಯಲ್ಲಿ ಅದು ಏನು ಮಾಡುತ್ತಿದೆ?

ನಡುಗುತ್ತಿದ್ದರೆ ಬೆಳಕನ್ನು ಅನುಮಾನಿಸಿ. ದೀಪಸ್ತಂಭದ ಬಗೆಯಲ್ಲಿ ಕನ್ನಡಿ, ಗಾಜಿನ ಬಾಗಿಲಿನ ಕಪಾಟು, ಪಾಲಿಶ್ ಮಾಡಿದ ನೆಲ ಲೇಸರನ್ನು ತಿರುಗಿಸಿ ಎಸೆಯುತ್ತವೆ. ಸೆನ್ಸರಿಗೆ ಒಂದೇ ಲೇಸರ್ ಎರಡು ಕಡೆಯಿಂದ ಬಂದ ಹಾಗಾಗುತ್ತದೆ. ಒಂದು ಹಳೆಯ ಬೆಡ್‌ಶೀಟಿನಿಂದ ಕನ್ನಡಿಯನ್ನು ಮುಚ್ಚಿ ನೋಡಿದರೆ ಎರಡು ನಿಮಿಷದಲ್ಲಿ ಉತ್ತರ ಸಿಗುತ್ತದೆ. ಪೆಟ್ಟಿಗೆಯನ್ನು ಗೋಡೆಗೆ ಬಿಗಿಯದೆ ಕಪಾಟಿನ ಮೇಲೆ ಸುಮ್ಮನೆ ಇಟ್ಟಿದ್ದಾರೆಯೇ? ಯಾರಾದರೂ ನಡೆದಾಗ ಕಪಾಟು 0.1 ಡಿಗ್ರಿ ಅಲ್ಲಾಡಿದರೂ 3 ಮೀಟರ್ ದೂರದಲ್ಲಿ 5 ಮಿ.ಮೀ. ಅಲ್ಲಾಟ. ಕ್ಯಾಮೆರಾದ ಬಗೆಯಲ್ಲಿ ಟ್ಯೂಬ್‌ಲೈಟನ್ನೂ ನೋಡಬೇಕು. ನಮ್ಮ ಕರೆಂಟು 50 ಹರ್ಟ್ಸ್‌ನದ್ದು, ಹಳೆಯ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಅಮೆರಿಕದಲ್ಲಿ 60 ಹರ್ಟ್ಸ್, ಅಲ್ಲಿ 120 ಸಲ. ಕ್ಯಾಮೆರಾ ಚಿತ್ರ ತೆಗೆಯುವ ತಾಳ ಇದಕ್ಕೆ ಹೊಂದದಿದ್ದರೆ ಒಂದು ಚಿತ್ರ ಬೆಳ್ಳಗೆ, ಇನ್ನೊಂದು ಮಸುಕು. ಅದಕ್ಕಾಗಿಯೇ ಕ್ವೆಸ್ಟಿನ ಸೆಟ್ಟಿಂಗಿನಲ್ಲಿ 50, 60 ಅಂತ ಆಯ್ಕೆ ಕೊಟ್ಟಿದ್ದಾರೆ. ಬೇರೆ ದೇಶದಿಂದ ತಂದ ಯಂತ್ರವಾದರೆ ಇದನ್ನೊಮ್ಮೆ ನೋಡಿ.

ಹಬ್ಬಕ್ಕೆ ಕಟ್ಟಿದ ಸೀರಿಯಲ್ ಲೈಟೂ ಕಳ್ಳನಾಗಬಹುದು. ಸಣ್ಣ ಸಣ್ಣ ಬೆಳಕಿನ ಚುಕ್ಕೆಗಳ ಸಾಲನ್ನು ಕಂಡು ಕ್ಯಾಮೆರಾ ಅದನ್ನೇ ಕಂಟ್ರೋಲರಿನ ದೀಪಗಳು ಅಂದುಕೊಳ್ಳುತ್ತದೆ. ಬಿಸಿಲೂ ಹಾಗೆಯೇ, ಅದರಲ್ಲಿ ಅವಕೆಂಪು ಧಾರಾಳವಾಗಿದೆ. ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ: ಹೆಡ್‌ಸೆಟ್ಟನ್ನು ಬಿಸಿಲು ಬೀಳುವಲ್ಲಿ ಇಡಬೇಡಿ. ಒಳಗಿನ ಮಸೂರಗಳು ಭೂತಗನ್ನಡಿಯಂತೆ ಬಿಸಿಲನ್ನು ಕೂಡಿಸಿ ಪರದೆಯನ್ನು ಸುಟ್ಟುಬಿಡುತ್ತವೆ.

ಜಾರುತ್ತಿದ್ದರೆ ಅಥವಾ ಹಾರುತ್ತಿದ್ದರೆ ಹೊರಗಿನ ಸಾಕ್ಷಿ ಕಾಣೆಯಾಗಿದೆ ಅಂತ ಅರ್ಥ. ಕುರುಡು ಲೆಕ್ಕ ಮಾತ್ರ ಉಳಿದಿದೆ, ಅದು ಜಾರುತ್ತದೆ. ಸಾಕ್ಷಿ ಮತ್ತೆ ಸಿಕ್ಕ ಕೂಡಲೇ ಟಕ್ಕನೆ ಸರಿಯಾದ ಜಾಗಕ್ಕೆ ಹಾರುತ್ತದೆ. ಹಾಗಾಗಿ ಜಾರುವುದೂ ಹಾರುವುದೂ ಒಂದರ ಹಿಂದೆ ಒಂದು ಬರುತ್ತವೆ. ಕಾರಣ ಏನಿರಬಹುದು? ಕೈಯನ್ನು ಬೆನ್ನ ಹಿಂದೆ ಒಯ್ದರೆ ಕ್ಯಾಮೆರಾಕ್ಕೆ ಕಾಣುವುದಿಲ್ಲ. ಕೋಣೆ ಕತ್ತಲಾದರೆ, ಅಥವಾ ಗೋಡೆಗಳಿಗೆ ಹೊಸದಾಗಿ ಬಿಳಿ ಬಣ್ಣ ಬಳಿದು ಒಂದು ಗುರುತೂ ಇಲ್ಲದಿದ್ದರೆ ಕ್ಯಾಮೆರಾ ಹಿಡಿದುಕೊಳ್ಳಲು ಬಿಂದುಗಳೇ ಇಲ್ಲ. ಚಾರ್ಟುಗಳಿಂದ ತುಂಬಿದ ನಮ್ಮ ತರಗತಿಯ ಗೋಡೆ ಈ ಕೆಲಸಕ್ಕೆ ಬಹಳ ಒಳ್ಳೆಯದು! ಆದರೆ ಫ್ಯಾನಿನ ಗಾಳಿಗೆ ಚಾರ್ಟುಗಳು ಪಟಪಟ ಹಾರುತ್ತಿದ್ದರೆ ಒಳ್ಳೆಯದಲ್ಲ. ಅಲುಗಾಡುವ ಸಾಕ್ಷಿಯನ್ನು ನಂಬುವುದು ಹೇಗೆ?

ಇನ್ನು ತಡ. ಮೇಜಿನ ಮೇಲಿಟ್ಟಾಗ ಎಲ್ಲ ಸರಿ, ಬೇಗ ಆಡಿಸಿದಾಗ ಮಾತ್ರ ಚಿತ್ರ ಹಿಂದೆ ಬೀಳುತ್ತದೆ. ಯಕ್ಷಗಾನ ನೋಡಿದವರಿಗೆ ಇದು ಗೊತ್ತು: ಹೆಜ್ಜೆ ಬಿದ್ದ ಮೇಲೆ ಚೆಂಡೆಯ ಪೆಟ್ಟು ಬಂದರೆ ನೋಡುವವರಿಗೇ ಕಸಿವಿಸಿ. ತಲೆಯನ್ನು ಸೆಕೆಂಡಿಗೆ 100 ಡಿಗ್ರಿ ವೇಗದಲ್ಲಿ ತಿರುಗಿಸಿದಾಗ 20 ಮಿಲಿಸೆಕೆಂಡ್ ತಡವಾದರೆ 2 ಡಿಗ್ರಿ ತಪ್ಪು. 2 ಮೀಟರ್ ದೂರದ ವಸ್ತು 7 ಸೆಂ.ಮೀ. ಆಚೆ ಕಾಣುತ್ತದೆ. ಕೆಲವರಿಗೆ ತಲೆಸುತ್ತು, ವಾಕರಿಕೆ ಬರುವುದಕ್ಕೆ ಇದೂ ಒಂದು ಕಾರಣ. ತಡವನ್ನು ಮುಚ್ಚಲು ಯಂತ್ರ 'ಕೈ ಮುಂದೆ ಎಲ್ಲಿರುತ್ತದೆ' ಅಂತ ಊಹಿಸಿ ಚಿತ್ರ ಬರೆಯುತ್ತದೆ. ಅದರಿಂದಲೇ ಕೈಯನ್ನು ಥಟ್ಟನೆ ನಿಲ್ಲಿಸಿದಾಗ ಚಿತ್ರದ ಕೈ ಸ್ವಲ್ಪ ಮುಂದೆ ಹೋಗಿ ಹಿಂದೆ ಬರುವುದುಂಟು. ಕಂಟ್ರೋಲರಿನ ಸಂದೇಶ ಕಂಪ್ಯೂಟರಿಗೆ ತಲಪುವ ದಾರಿಯನ್ನೂ ನೋಡಬೇಕು. ಅನೇಕ ಕಂಟ್ರೋಲರುಗಳು 2.4 ಗಿಗಾಹರ್ಟ್ಸ್ ರೇಡಿಯೊ ಬಳಸುತ್ತವೆ, ವೈಫೈ ಮತ್ತು ಬ್ಲೂಟೂತ್ ಕೂಡ ಅಲ್ಲೇ. ಅದಲ್ಲದೆ ಯುಎಸ್‌ಬಿ 3 ಸಾಧನಗಳು ಅದೇ ಪಟ್ಟಿಯಲ್ಲಿ ಗದ್ದಲ ಎಬ್ಬಿಸುತ್ತವೆ ಅಂತ 2012ರಲ್ಲಿ ಇಂಟೆಲ್ ಕಂಪೆನಿಯವರೇ ಅಳೆದು ಪ್ರಕಟಿಸಿದರು. ಕಂಪ್ಯೂಟರಿನ ಹಿಂಬದಿಗೆ ಚುಚ್ಚಿದ ರೇಡಿಯೊ ಕಡ್ಡಿಯನ್ನು ಒಂದು ಉದ್ದ ತಂತಿಯಿಂದ ಅರ್ಧ ಮೀಟರ್ ಆಚೆ ಇಟ್ಟರೆ ಎಷ್ಟೋ ಸಲ ಕೆಲಸ ಮುಗಿಯಿತು.

ಗಟ್ಟಿಯಾಗಿ ನಿಂತ ತಪ್ಪು

ಐದನೆಯದಕ್ಕೆ ಸ್ವಲ್ಪ ನಿಲ್ಲಬೇಕು. ಯಾಕೆಂದರೆ ಉಳಿದ ನಾಲ್ಕು ತಾವಾಗಿಯೇ ಕೂಗಿ ಹೇಳುತ್ತವೆ, ಇದು ಬಾಯಿ ಬಿಡುವುದಿಲ್ಲ.

ನೆಲದಿಂದ ಸರಿಯಾಗಿ 42 ಸೆಂ.ಮೀ. ಎತ್ತರದ ಸ್ಟೂಲಿನ ಮೇಲೆ ಕಂಟ್ರೋಲರ್ ಇಟ್ಟು, ಎರಡು ಯಂತ್ರಗಳಲ್ಲಿ ಐದೈದು ಸಲ ಎತ್ತರ ಓದಿದಿರಿ ಅನ್ನಿ. ಮೊದಲನೆಯದು ಹೇಳಿದ್ದು: 40.1, 40.1, 40.2, 40.0, 40.1. ಎರಡನೆಯದು: 41.2, 42.9, 41.7, 42.4, 41.8. ಯಾವುದು ಒಳ್ಳೆಯ ಯಂತ್ರ? ಕಣ್ಣಿಗೆ ಮೊದಲನೆಯದೇ ಚೆಂದ. ಚಿತ್ರ ಅಲ್ಲಾಡುವುದೇ ಇಲ್ಲ. ಆದರೆ ಅದರ ಸರಾಸರಿ 40.1, ಸುಮಾರು 2 ಸೆಂ.ಮೀ. ತಪ್ಪು. ಎರಡನೆಯದು ನಡುಗುತ್ತದೆ, ಆದರೂ ಸರಾಸರಿ ತೆಗೆದರೆ ಸರಿಯಾಗಿ 42.0. ಒಂದೇ ಸಮನಾಗಿ ಹೇಳುವುದು ಒಂದು ಗುಣ, ಸರಿಯಾಗಿ ಹೇಳುವುದು ಇನ್ನೊಂದು ಗುಣ. ಗೋಲಿ ಆಡುವಾಗ ಐದು ಗೋಲಿಯೂ ಒಂದೇ ಕಡೆ ಗುಂಪಾಗಿ ಬಿದ್ದು, ಆ ಗುಂಪು ಕುಳಿಯಿಂದ ಒಂದು ಗೇಣು ಆಚೆ ಇದ್ದರೆ ಹೇಗೋ ಹಾಗೆ.

2017ರಲ್ಲಿ ಡೀಡೆರಿಕ್ ನೀಹೋರ್ಸ್ಟರ್, ಲಿ ಲಿ, ಮಾರ್ಕುಸ್ ಲಾಪೆ ಎಂಬ ಮೂವರು ಸಂಶೋಧಕರು ಎಚ್‌ಟಿಸಿ ವೈವ್ ಹೆಡ್‌ಸೆಟ್ಟನ್ನು ಹೀಗೆಯೇ ಪರೀಕ್ಷಿಸಿದರು. ಅಗ್ಗದ ಈ ಯಂತ್ರವನ್ನು ವಿಜ್ಞಾನದ ಪ್ರಯೋಗಗಳಿಗೆ ಬಳಸಬಹುದೇ ಎಂಬುದು ಅವರ ಪ್ರಶ್ನೆ. ಮೊದಮೊದಲು ಎಲ್ಲ ಚೆನ್ನಾಗಿತ್ತು. ನಡುಕ ತುಂಬ ಕಡಿಮೆ, ತಡ ಬರೀ 22 ಮಿಲಿಸೆಕೆಂಡ್. ಆದರೆ ಅಳೆದ ಸಂಖ್ಯೆಗಳನ್ನು ಜೋಡಿಸಿ ನೋಡಿದಾಗ ಯಂತ್ರದ ಮನಸ್ಸಿನಲ್ಲಿದ್ದ ನೆಲ ನಿಜವಾದ ನೆಲಕ್ಕೆ ಸಮನಾಗಿರಲಿಲ್ಲ, ವಾಲಿಕೊಂಡಿತ್ತು. ಇನ್ನೂ ಆಶ್ಚರ್ಯ ಏನೆಂದರೆ, ಟ್ರ್ಯಾಕಿಂಗ್ ಒಮ್ಮೆ ತಪ್ಪಿ ಮತ್ತೆ ಸಿಕ್ಕಾಗಲೆಲ್ಲ ಆ ತಪ್ಪಿನ ಪ್ರಮಾಣ ಬದಲಾಗುತ್ತಿತ್ತು. ಒಂದೇ ಪ್ರಮಾಣದ ತಪ್ಪಾದರೆ ಕಳೆದುಬಿಡಬಹುದು, ನಮ್ಮ ಮೊದಲನೆಯ ಯಂತ್ರದ ಸಂಖ್ಯೆಗಳಿಗೆ 1.9 ಕೂಡಿಸಿದ ಹಾಗೆ. ಸಲಸಲಕ್ಕೂ ಬದಲಾಗುವ ತಪ್ಪನ್ನು ಏನು ಮಾಡುವುದು? ತನ್ನ ಚಲನೆಯನ್ನು ನಿಖರವಾಗಿ ತೋರಿಸಬೇಕಾದ ಪ್ರಯೋಗಗಳಿಗೆ ಇದು ಆಗದು ಎಂದು ಅವರು ಬರೆದರು. ಆಟ ಆಡುವವರಿಗೆ ಇದು ಗೊತ್ತೇ ಆಗಿರಲಿಕ್ಕಿಲ್ಲ, ನೋಡಿ.

ಯಂತ್ರದ ನೆಲ 1 ಡಿಗ್ರಿ ವಾಲಿದರೆ ಎಷ್ಟು ವ್ಯತ್ಯಾಸ ಬರುತ್ತದೆ? 4 ಮೀಟರ್ ನಡೆದಾಗ 7 ಸೆಂ.ಮೀ. ಮೆಟ್ಟಿಲಿನ ಅರ್ಧ ಎತ್ತರ.

ಇದನ್ನು ಪತ್ತೆ ಮಾಡಲು ದುಬಾರಿ ಉಪಕರಣ ಬೇಡ. ದರ್ಜಿಯ ಟೇಪು, ಸೀಮೆಸುಣ್ಣ, ಒಂದು ನೋಟ್‌ಪುಸ್ತಕ ಸಾಕು. ಕೋಣೆಯ ನಡುವೆ 1 ಮೀಟರಿಗೊಂದರಂತೆ ನೇರ ಸಾಲಿನಲ್ಲಿ ಐದು ಗುರುತು ಹಾಕಿ. ನೆಲ ಸಮವಾಗಿದೆಯೇ ಅಂತ ಮೇಸ್ತ್ರಿಯವರು ನೋಡುವ ಹಾಗೆ, ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ ಎರಡೂ ತುದಿಯ ಮಟ್ಟ ನೋಡಿಕೊಳ್ಳಿ. ಆಮೇಲೆ ಕಂಟ್ರೋಲರನ್ನು ಪ್ರತಿ ಗುರುತಿನ ಮೇಲೂ ಒಂದೇ ರೀತಿಯಲ್ಲಿ ಇಟ್ಟು ಎತ್ತರ ಬರೆದುಕೊಳ್ಳಿ. ಸಂಖ್ಯೆ ತೋರಿಸದ ಯಂತ್ರವಾದರೆ, ಚಿತ್ರದಲ್ಲಿ ಕಂಟ್ರೋಲರ್ ನೆಲದಿಂದ ಮೇಲೆ ತೇಲುತ್ತಿದೆಯೋ ಒಳಗೆ ಹೂತಿದೆಯೋ ಅಂತ ನೋಡಿದರೂ ಸಾಕು. ಎಲ್ಲ ಗುರುತಿನಲ್ಲೂ ಒಂದೇ ಪ್ರಮಾಣದ ತಪ್ಪಿದ್ದರೆ ನೆಲದ ಎತ್ತರವನ್ನು ಮತ್ತೆ ಹೊಂದಿಸಿದರೆ ಮುಗಿಯಿತು. ಒಂದು ಕಡೆಯಿಂದ ಇನ್ನೊಂದು ಕಡೆಗೆ ತಪ್ಪು ಏರುತ್ತಾ ಹೋದರೆ ನೆಲ ವಾಲಿದೆ. ಒಂದು ಮೂಲೆಯಲ್ಲಿ ಮಾತ್ರ ತಪ್ಪಿದ್ದರೆ ಆ ಮೂಲೆಯಲ್ಲಿ ಏನಿದೆ ನೋಡಿ. ಕನ್ನಡಿಯೋ, ಕಾಂತಕ್ಷೇತ್ರದ ಯಂತ್ರವಾದರೆ ಸ್ಟೀಲ್ ಬೀರುವೋ ಇದ್ದೀತು. ಆಮೇಲೆ ಹೆಡ್‌ಸೆಟ್ಟನ್ನು ಬಟ್ಟೆಯಿಂದ ಮುಚ್ಚಿ, ಟ್ರ್ಯಾಕಿಂಗ್ ಬೇಕೆಂದೇ ತಪ್ಪಿಸಿ, ಬಟ್ಟೆ ತೆಗೆದು ಮತ್ತೊಮ್ಮೆ ಅಳೆಯಿರಿ. ಎರಡು ಸಾಲಿನ ಸಂಖ್ಯೆಗಳೂ ಹೊಂದುತ್ತವೆಯೇ?

ಒಂದು ನಿಯಮ ಮಾತ್ರ ಮುರಿಯಬಾರದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ ಮೇಲೆ ಮತ್ತೆ ಅಳೆಯಿರಿ, ಸಂಖ್ಯೆಯನ್ನು ಬರೆದಿಡಿ. 'ಈಗ ಪರವಾಗಿಲ್ಲ ಮಾಸ್ಟ್ರೇ' ಅನ್ನುವುದು ಅಳತೆಯಲ್ಲ.

ನೀವೇ ಪತ್ತೆ ಮಾಡಿ

ಕೆಳಗಿನ ಮೂರೂ ನಾನು ಕಟ್ಟಿದ ಪ್ರಕರಣಗಳು. ನಾಲ್ಕೈದು ಮಂದಿ ಸೇರಿ ಚರ್ಚಿಸಿ.

ಒಂದು: ಬೆಳಗ್ಗೆ ಎಲ್ಲ ಸರಿ. ಮಧ್ಯಾಹ್ನ 3ರಿಂದ 4:30ರ ತನಕ ಮಾತ್ರ ಕಂಟ್ರೋಲರ್ ನಡುಗುತ್ತದೆ, ಮೋಡ ಕವಿದ ದಿನ ನಡುಗುವುದಿಲ್ಲ. ಪಶ್ಚಿಮಕ್ಕೆ ಒಂದು ಕಿಟಕಿ ಇದೆ, ಅದರ ಎದುರಿಗೆ ಗಾಜಿನ ಬಾಗಿಲಿನ ಕಪಾಟು. ತೊಂದರೆ ಕೊಡುತ್ತಿರುವುದು ಕಿಟಕಿಯಿಂದ ನೇರ ಬರುವ ಬಿಸಿಲೋ, ಗಾಜಿನಿಂದ ತಿರುಗಿ ಬರುವ ಬಿಸಿಲೋ? ಎರಡನ್ನೂ ಬೇರ್ಪಡಿಸಲು ಒಂದೊಂದೇ ಬದಲಾವಣೆಯ ಎರಡು ಪರೀಕ್ಷೆ ಬರೆಯಿರಿ.

ಎರಡು: 0, 1, 2, 3, 4 ಮೀಟರಿನ ಗುರುತುಗಳಲ್ಲಿ ಯಂತ್ರ ಹೇಳಿದ ನೆಲದ ಎತ್ತರ 0, 1.7, 3.5, 5.2, 7.0 ಸೆಂ.ಮೀ. ಗ್ರಾಫ್ ಹಾಳೆಯಲ್ಲಿ ಹಾಕಿ. ಗೆರೆಯ ಇಳಿಜಾರಿನಿಂದ ಕೋನ ಎಷ್ಟು ಅಂತ ಕಂಡುಹಿಡಿಯಿರಿ. 2 ಮೀಟರಿನ ಗುರುತಿನಲ್ಲಿ ಮಾತ್ರ 9 ಸೆಂ.ಮೀ. ಬಂದಿದ್ದರೆ ನೀವು ಮೊದಲು ಏನು ಮಾಡುತ್ತಿದ್ದಿರಿ?

ಮೂರು: ವೆಲ್ಡಿಂಗ್ ಕಲಿಯುವ ಹತ್ತು ಮಂದಿಯಲ್ಲಿ ಒಂಬತ್ತು ಮಂದಿಗೆ ಯಂತ್ರ ಸರಿ, ಒಬ್ಬನಿಗೆ ಮಾತ್ರ ಟಾರ್ಚು ಆಗಾಗ ಹಾರುತ್ತದೆ. ಅವನು ಎಡಚ. ಯಂತ್ರ ಕ್ಯಾಮೆರಾದ ಬಗೆಯದು, ಟಾರ್ಚಿನ ಅವಕೆಂಪು ದೀಪಗಳು ಒಂದೇ ಬದಿಗಿವೆ. 'ಅವನ ಕೈಯೇ ಸರಿಯಿಲ್ಲ' ಅಂತ ಉಳಿದವರು ಹೇಳುತ್ತಿದ್ದಾರೆ. ಅವನ ಪರವಾಗಿ ನೀವು ಯಾವ ಪರೀಕ್ಷೆ ಮಾಡಿ ತೋರಿಸುತ್ತೀರಿ?